ಪಾರ್ಥೇನಿಯಂ ಗಿಡದ ಚರಿತ್ರೆ: ಒಂದು ವಿಮರ್ಶೆ

ದೋಣಿಮಲೈಯಿಂದ ಸಂಡೂರಿಗೂ ಅಲ್ಲಿಂದ ಹೊಸಪೇಟೆಗೂ ಸಾಗುವ ರಸ್ತೆಗಳ ಇಕ್ಕೆಲಗಳಲ್ಲಿ, ಮಣ್ಣನ್ನು ಕೆದಕಿ ಬಿಟ್ಟ ಎಡೆಗಳಲ್ಲಿ, ಬಿಳಿಯ ಹೂವಿನ ಪಾರ್ಥೇನಿಯಂ ಬೆಳೆಯುತ್ತದೆ. ಜನರು ಇದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. ಇದರ ವಿಷಯದಲ್ಲಿ ಎರಡು ಮಾತುಗಳು ವಿದ್ಯಾವಂತರಲ್ಲಿಯೂ ಪ್ರಚಲಿತವಾಗಿವೆ. ಪಿ.ಎಲ್. 480 ಒಪ್ಪಂದದ ಅಮೆರಿಕದ ಗೋದಿಯೊಡನೆ ಇದು ಬಂದಿತೆಂಬುದು ಒಂದು. ಮುಟ್ಟಿದವರ ಚರ್ಮವನ್ನು ಸುಡುವ ವಿಷವೆಂಬುದು ಮತ್ತೊಂದು. ಇವೆರಡನ್ನೂ ಪ್ರಮಾಣಗಳೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಮಾತಿಗೆ ಕಾಲಾನುಕ್ರಮವೇ ಅಡ್ಡ ಬರುತ್ತದೆ. ಆ ಕಾಯಿದೆಯನ್ವಯ ಭಾರತವು ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ. ರಾಕ್ಸ್‌ಬರ್ಗನು 1814ರಲ್ಲಿ ಪ್ರಕಟಿಸಿದ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿಯೂ ಇದರ ಹೆಸರಿದೆ. ತೋಟದಲ್ಲಿದ್ದ ಮಾತ್ರಕ್ಕೆ ಅದು ಹೊಲಗಳಿಗೆ ಹಬ್ಬಿತ್ತೆಂದು ಹೇಳಲಾಗದು, ನಿಜ. 1951ರ ಸಾಲದ ಗೋದಿಯಂತಹ ಹಿಂದಿನ ಆಮದುಗಳೊಡನೆ ಬೀಜವು ಬಂದಿರಬಹುದೆಂಬ ಊಹೆಯೂ ಉಳಿಯುತ್ತದೆ. ಆದರೆ ನಂತರದ ಒಪ್ಪಂದವನ್ನು ಹಿಂದಿನ ಘಟನೆಗೆ ಕಾರಣವನ್ನಾಗಿ ಹೇಳುವುದು ಚರಿತ್ರೆಯಲ್ಲ.

ಎರಡನೆಯ ಮಾತಿನ ದೋಷ ಇನ್ನೂ ಗಂಭೀರವಾದುದು. ಬೆಂಕಿ ಎಲ್ಲರನ್ನೂ ಸುಡುತ್ತದೆ. ಈ ಗಿಡ ಎಲ್ಲರನ್ನೂ ಬಾಧಿಸುವುದಿಲ್ಲ. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮದ ಪ್ರೋಟೀನಿನೊಡನೆ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು ಆ ಸಂಯುಕ್ತವನ್ನು ಪರಕೀಯವೆಂದು ಗುರುತಿಸಿ ನೆನಪಿಟ್ಟುಕೊಳ್ಳುತ್ತವೆ. ಮರಳಿ ಸಂಪರ್ಕವಾದಾಗ ಚರ್ಮದ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯಲ್ಲಿ ಅಂಟು-ಅಣುಗಳು ಹೆಚ್ಚಾಗಿ ಮೂಡುತ್ತವೆ. ರಕ್ತದ ರಭಸದಲ್ಲಿ ಸಾಗುತ್ತಿದ್ದ ಟಿ-ಕಣವು ಇ-ಸೆಲೆಕ್ಟಿನ್ ಎಂಬ ಅಣುವಿಗೆ ತಗುಲಿ ವೇಗ ತಗ್ಗಿ ಗೋಡೆಯ ಮೇಲೆ ಉರುಳುತ್ತದೆ. ಅನಂತರ ತನ್ನ ಮೇಲ್ಮೈಯ ಎಲ್‌ಎಫ್‌ಎ-1 ಅಣುವಿನಿಂದ ಗೋಡೆಯ ಐಸಿಎಎಂ-1 ಅನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಕೊನೆಗೆ ಕೋಶಗಳ ನಡುವೆ ನುಸುಳಿ ಚರ್ಮವನ್ನು ಸೇರುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದೆರಡು ದಿನಗಳು ಬೇಕು. ಕೆಂಪು, ಊತ, ತುರಿಕೆಗಳು ತಡವಾಗಿ ಕಾಣಿಸಿಕೊಳ್ಳುವುದು ಈ ಕಾರಣದಿಂದ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲುವುದರಿಂದ ಮುಖ, ಕತ್ತು, ಕಣ್ಣೆವೆ, ಮೊಣಕೈಯ ಮಡಿಕೆಗಳು ಹೆಚ್ಚು ಪೀಡಿತವಾಗುತ್ತವೆ.

ಹಾಗಾದರೆ ಈ ಅಣುಗಳನ್ನೇ ತಡೆಯಬಾರದೇಕೆ? ಎಲ್‌ಎಫ್‌ಎ-1 ಅನ್ನು ತಡೆಯುವ ಎಫಾಲಿಝುಮ್ಯಾಬ್ ಎಂಬ ಔಷಧವನ್ನು ಸೋರಿಯಾಸಿಸ್ ರೋಗಕ್ಕೆ ಬಳಸಿದ್ದುಂಟು. ಮಿದುಳಿನ ಮಾರಕ ಸೋಂಕು ಕೆಲವರಲ್ಲಿ ಕಂಡುಬಂದುದರಿಂದ 2009ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸೋಂಕಿನ ಎಡೆಗೆ ರಕ್ಷಕ ಕಣಗಳನ್ನು ಕರೆದೊಯ್ಯುವುದೂ ಇದೇ ಅಂಟು. ರೋಗದ ದಾರಿಯೂ ರಕ್ಷಣೆಯ ದಾರಿಯೂ ಒಂದೇ ಆಗಿರುವಲ್ಲಿ, ಗಿಡದ ಸಂಪರ್ಕವನ್ನು ತಪ್ಪಿಸುವುದೇ ಮೇಲು.

ಈ ವಿಮರ್ಶೆ ಕೇವಲ ಪಾಂಡಿತ್ಯದ ಹಟವಲ್ಲ. ವಿಷವೆಂದು ನಂಬಿದವನು, ಮೊದಲ ದಿನ ಕೈ ಉರಿಯದಿದ್ದರೆ ತನಗೆ ಬಾಧೆಯಿಲ್ಲವೆಂದು ನಿಶ್ಚಿಂತನಾಗುತ್ತಾನೆ. ವಾಸ್ತವವಾಗಿ ಮತ್ತೆ ಮತ್ತೆ ಮುಟ್ಟಿದ ಮೇಲೆಯೇ ಅನೇಕರಲ್ಲಿ ಈ ವ್ಯಾಧಿ ತಲೆದೋರುತ್ತದೆ. ಒಮ್ಮೆ ಬಂದರೆ ಬಹುಕಾಲ ಬಿಡದು. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಮೆಕ್ಸಿಕೋದ ಜೀರುಂಡೆಯಿಂದಲೂ ಗಿಡ ಅಳಿದಿಲ್ಲ. ಕೀಳುವ ಕೆಲಸ ಕೂಲಿಯವರಿಗೂ ಶ್ರಮದಾನದ ವಿದ್ಯಾರ್ಥಿಗಳಿಗೂ ಉಳಿದಿದೆ. ಗೋದಿಯ ಹಡಗನ್ನು ದೂಷಿಸುವ ಕಥೆಯಲ್ಲಿ ಇವರಿಗೆ ಸ್ಥಾನವೇ ಇಲ್ಲ. ಬರಿಗೈಯಲ್ಲಿ ಕೀಳಿಸಬಾರದು, ಹೂ ಬಿಡುವ ಮುನ್ನವೇ ಕೀಳಿಸಬೇಕು, ಮೈ ಮುಚ್ಚುವ ಉಡುಪು ಕೊಡಬೇಕು. ಶಿಬಿರಗಳನ್ನು ನಡೆಸುವ ಅಧ್ಯಾಪಕರು ಇಷ್ಟನ್ನು ಪಾಲಿಸಿದರೆ, ಗಿಡದ ಚರಿತ್ರೆಯನ್ನು ಶೋಧಿಸಿದ ಶ್ರಮ ಸಾರ್ಥಕವಾದೀತು.