ಕಾಲಜ್ಞಾನವೂ ಪ್ರವಾದನೆಯೂ

ಪಶ್ಚಿಮ ಏಷ್ಯದಲ್ಲಿ ಯುದ್ಧದ ಹೊಗೆ ಎದ್ದಾಗಲೆಲ್ಲ ಕ್ರೈಸ್ತ ಜಗತ್ತಿನಲ್ಲಿ ಒಂದು ಬಗೆಯ ವ್ಯಾಖ್ಯಾನವೂ ತಲೆಯೆತ್ತುವುದುಂಟು. ಯೆಹೆಜ್ಕೇಲನ ಗ್ರಂಥದಲ್ಲಿ ಈ ಸೇನೆಯ ಹೆಸರಿದೆ, ದಾನಿಯೇಲನ ಗ್ರಂಥದಲ್ಲಿ ಈ ವರ್ಷದ ಲೆಕ್ಕವಿದೆ, ಇಸ್ರೇಲಿನ ಗಡಿ ಎಲ್ಲಿಂದ ಎಲ್ಲಿಯವರೆಗೆ ಹಬ್ಬಬೇಕೆಂಬುದನ್ನು ದೇವರೇ ಬರೆಯಿಸಿಟ್ಟಿದ್ದಾನೆ ಎಂಬುದು ಅದರ ಧಾಟಿ. ಇದು ಪಾದ್ರಿಗಳ ಮನೆಯ ಮಾತು, ನಮಗೇಕೆ ಎಂದು ಕನ್ನಡ ವಾಚಕರು ಕೇಳಬಹುದು. ಆದರೆ ಭವಿಷ್ಯವನ್ನು ನುಡಿಯುವ ಗ್ರಂಥವನ್ನು ಓದುವುದು ಹೇಗೆಂಬುದು ಮೂಲತಃ ಸಾಹಿತ್ಯವಿಮರ್ಶೆಯ ಪ್ರಶ್ನೆ. ಮೇಲಾಗಿ, ಈ ಪ್ರಶ್ನೆಯನ್ನು ಕೃಷ್ಣಾ ಮಲಪ್ರಭೆಗಳ ಸೀಮೆ ಬಹು ಹಿಂದೆಯೇ ಎದುರಿಸಿದೆ. ಕೂಡಲಸಂಗಮದ ಕಡೆಯಿಂದ ನೋಡಿದರೆ ಯೆರೂಸಲೇಮಿನ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆಂದು ನನ್ನ ನಂಬಿಕೆ.

ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಯಾಣ ಚದುರಿತು. ಬಸವಣ್ಣನವರು ಕೂಡಲಸಂಗಮಕ್ಕೆ ಬಂದು ಐಕ್ಯರಾದರು. ಚೆನ್ನಬಸವಣ್ಣನವರೊಡನೆ ಒಂದು ಗುಂಪು ಉಳವಿಯ ದಾರಿ ಹಿಡಿಯಿತು. ಕೆಟ್ಟುಹೋದ ನಗರವನ್ನು ಜನ ಮರೆಯುವುದಿಲ್ಲ. ಮುಂದಿನ ಶತಮಾನಗಳಲ್ಲಿ ಶರಣರ ಹೆಸರಿನಲ್ಲಿ ಹಬ್ಬಿದ ಕಾಲಜ್ಞಾನಗಳು ಆ ನೆನಪಿನ ಮಕ್ಕಳು. ವೀರ ವಸಂತರಾಯನೆಂಬವನು ಬರುತ್ತಾನೆ, ಕಲ್ಯಾಣ ಮತ್ತೆ ಎದ್ದು ನಿಲ್ಲುತ್ತದೆ ಎಂಬುದು ಅವುಗಳ ಆಶೆ. ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣದಲ್ಲಿಯೂ ಈ ಕಾಲಜ್ಞಾನಕ್ಕೆ ಸ್ಥಾನವಿದೆ. ಅಲ್ಲಿ ಚೆನ್ನಬಸವಣ್ಣನ ಬಾಯಿಂದ ವಿಜಯನಗರದ ಕಾಲದ ಸಂಗತಿಗಳು ಮುಂದೆ ಆಗಲಿರುವಂತೆ ಬರುತ್ತವೆ. ಗ್ರಂಥ ಹುಟ್ಟಿದ್ದು 1584ರಲ್ಲಿ. ವಿಜಯನಗರ ನೆಲಕಚ್ಚಿದ ರಕ್ಕಸಗಿ ತಂಗಡಗಿಯ ಯುದ್ಧ 1565ರಲ್ಲಿ. ಆ ಊರುಗಳು ಕೂಡಲಸಂಗಮಕ್ಕೆ ದೂರವೇನಲ್ಲ. ನಡೆದುಹೋದುದನ್ನು ನಡೆಯಲಿರುವುದೆಂಬಂತೆ ನಿರೂಪಿಸುವುದು ಕವಿಯ ಮೋಸವೆಂದು ಯಾರೂ ಭಾವಿಸಬೇಕಿಲ್ಲ. ಅದೊಂದು ಪ್ರಾಚೀನ ಸಾಹಿತ್ಯಪ್ರಕಾರ. ಬೈಬಲಿನ ದಾನಿಯೇಲನ ಗ್ರಂಥವೂ ಇದೇ ಜಾತಿಯದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದರ ಕಥೆ ನಡೆಯುವುದು ಕ್ರಿಸ್ತಪೂರ್ವ ಆರನೆಯ ಶತಮಾನದ ಬಾಬಿಲೋನಿನಲ್ಲಿ; ಅದು ಈಗಿನ ರೂಪ ತಳೆದದ್ದು ಕ್ರಿಸ್ತಪೂರ್ವ 165ರ ಸುಮಾರಿಗೆ, ಆಂಟಿಯೋಕಸ್ ದೊರೆಯ ಹಿಂಸೆಯಲ್ಲಿ ನರಳುತ್ತಿದ್ದ ಯೆಹೂದ್ಯರ ನಡುವೆ. ಎರಡು ಗ್ರಂಥಗಳೂ ಸೋತವರಿಗೆ ಧೈರ್ಯ ಹೇಳಲು ಹುಟ್ಟಿದವು. ಈ ಮೂಲೋದ್ದೇಶವನ್ನು ಮರೆತು ಅವನ್ನು ಪಂಚಾಂಗದಂತೆ ತೆರೆದಾಗ ಅನರ್ಥ ಆರಂಭವಾಗುತ್ತದೆ.

ಅಂಥ ಪ್ರಸಂಗವೊಂದು ನಮ್ಮಲ್ಲಿಯೇ ಘಟಿಸಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. 1840ರ ಸುಮಾರಿಗೆ ಆ ಭಾಗದ ಕೆಲವರು ಅವರನ್ನು ಕಾಣಬಂದರು. ಮಿಷನ್ನಿನ ಬರಹಗಳಲ್ಲಿ ಇವರಿಗೆ ಕಾಲಜ್ಞಾನಿಗಳೆಂದೇ ಹೆಸರು. ತಮ್ಮ ಗ್ರಂಥಗಳಲ್ಲಿ ಹೇಳಿರುವ ಹೊಸ ಕಾಲ ಈ ಪರದೇಶೀಯರ ಮೂಲಕ ಬರುತ್ತಿರಬಹುದೆಂದು ಇವರಿಗೆ ತೋರಿತು. ಮಿಷನರಿಗಳಿಗೂ ಸಂತೋಷವಾಯಿತು. 1841ರಲ್ಲಿ ಗದಗ ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಇಂಥವರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ನಿರೀಕ್ಷಿಸಿದ ಜನಸಮೂಹ ಬರಲಿಲ್ಲ, ಪ್ರಯತ್ನ ಸೊರಗಿತು. ಮಿಷನ್ನಿನ ಕೆಲಸ ಬೇರೆ ದಾರಿ ಹಿಡಿದು, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೂ ಬಂದಿತು. ಈ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಬಂದವರು ತಮ್ಮ ಗ್ರಂಥದಲ್ಲಿ ಬಿಳಿಯರನ್ನು ಕಂಡರು. ಬಿಳಿಯರು ಆ ಗ್ರಂಥದಲ್ಲಿ ತಮ್ಮನ್ನೇ ಕಂಡು ಹಿಗ್ಗಿದರು. ಗ್ರಂಥ ಏನನ್ನು ನುಡಿಯುತ್ತಿತ್ತೆಂಬುದನ್ನು ಆ ಕ್ಷಣದಲ್ಲಿ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ.

ಇದರಿಂದ ಆ ಮಿಷನರಿಗಳನ್ನು ಮೂಢರೆಂದು ಎಣಿಸುವುದು ಅನ್ಯಾಯವಾದೀತು. ಹೆರ್ಮನ್ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಕ’ ಮಾಲೆಯಲ್ಲಿ ಬಸವ ಪುರಾಣ, ಚೆನ್ನಬಸವ ಪುರಾಣಗಳನ್ನು ಅಚ್ಚುಹಾಕಿಸಿದರು. ವ್ಯುರ್ಥ್ ಎಂಬ ಇನ್ನೊಬ್ಬ ಮಿಷನರಿ 1860ರ ದಶಕದಲ್ಲಿ ಅವೆರಡನ್ನೂ ಇಂಗ್ಲಿಷಿಗೆ ಪರಿಚಯಿಸಿದರು. ಅವರಲ್ಲಿ ಪಾಂಡಿತ್ಯದ ಕೊರತೆಯಿರಲಿಲ್ಲ. ಆದರೆ ಅವರಲ್ಲಿ ಅನೇಕರ ತವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್. ಆ ನಾಡಿನ ಭಕ್ತಿಪಂಥಕ್ಕೆ ತನ್ನದೇ ಒಂದು ಕಾಲಜ್ಞಾನವಿತ್ತು. ಅದರ ಹಿರಿಯ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು 1734ರಲ್ಲಿ ಶೋಧಿಸಿ ಪ್ರಕಟಿಸಿದ ಮಹಾವಿದ್ವಾಂಸ. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಮೂಲಕ್ಕೆ ಹತ್ತಿರವೆಂಬ ಸೂತ್ರವನ್ನು ಗ್ರಂಥಸಂಪಾದಕರಿಗೆ ಕೊಟ್ಟವನು ಆತ. ಅದೇ ಬೆಂಗೆಲ್ ಪ್ರಕಟನೆಯ ಗ್ರಂಥದ ಅಂಕಿಗಳನ್ನು ಕೂಡಿ ಕಳೆದು, 1836ರ ಜೂನ್ 18ರಂದು ಹೊಸ ಯುಗ ಆರಂಭವಾಗುವುದೆಂದು ಗಣಿಸಿದನು! ಆ ದಿನ ಬಂದಿತು, ಹೋಯಿತು. ಮಲಸಮುದ್ರದ ಹೊಲವನ್ನು ಉಳಲು ಆರಂಭಿಸಿದಾಗ ಆ ನಿರಾಶೆಗೆ ಇನ್ನೂ ಐದೇ ವರ್ಷ. ಪದದ ವಿಷಯದಲ್ಲಿ ಅಷ್ಟು ಎಚ್ಚರವಿದ್ದ ಮನಸ್ಸು ಕಾಲದ ವಿಷಯದಲ್ಲಿ ಹೀಗೆ ಜಾರಿತು. ಪಾಂಡಿತ್ಯವೊಂದರಿಂದಲೇ ಓದು ಶುದ್ಧವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಲ್ಲಿಂದ ಪ್ಯಾಲೆಸ್ಟೀನಿಗೆ ಒಂದೇ ಹೆಜ್ಜೆ. ಮಲಸಮುದ್ರದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಮುಖ್ಯಸ್ಥನಾಗಿದ್ದವನು ವಿಲ್ಹೆಲ್ಮ್ ಹಾಫ್‌ಮನ್. ಅವನ ತಮ್ಮ ಕ್ರಿಸ್ಟೋಫ್ ಹಾಫ್‌ಮನ್ ಪ್ರವಾದಿಗಳ ಮಾತನ್ನು ಅಕ್ಷರಶಃ ನೆರವೇರಿಸಬೇಕೆಂದು ‘ಟೆಂಪಲ್ ಸೊಸೈಟಿ’ಯನ್ನು ಕಟ್ಟಿ, 1868ರಲ್ಲಿ ಅನುಯಾಯಿಗಳೊಡನೆ ಹೈಫಾಕ್ಕೆ ಹೋಗಿ ವಸಾಹತು ಹೂಡಿದನು. ದೇವಜನರು ಯೆರೂಸಲೇಮಿನಲ್ಲಿ ಕೂಡುವರು ಎಂಬ ವಾಕ್ಯದಲ್ಲಿ ಅವನು ಕಂಡ ದೇವಜನರು ಯೆಹೂದ್ಯರಲ್ಲ, ಅರಬರೂ ಅಲ್ಲ. ತನ್ನ ಊರಿನ ಭಕ್ತರು. ಎರಡನೆಯ ಮಹಾಯುದ್ಧದ ವೇಳೆಗೆ ಬ್ರಿಟಿಷರು ಆ ಜರ್ಮನರನ್ನು ಬಂಧನದಲ್ಲಿಟ್ಟರು, ಅನೇಕರನ್ನು ಆಸ್ಟ್ರೇಲಿಯಕ್ಕೆ ಸಾಗಿಸಿದರು. ಗದಗ ಸೀಮೆಯ ಒಂದು ಹೊಲ, ಹೈಫಾದ ಒಂದು ಬೀದಿ: ಎರಡೂ ಒಂದೇ ಬಗೆಯ ಓದಿನ ಫಲಗಳು.

ಹಾಗಾದರೆ ಬೈಬಲಿನ ಪ್ರವಾದಿ ಯಾರು? ಕನ್ನಡ ಬೈಬಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಪೂರ್ಣವಾಗಿ ಬಂದಿತು, ಮುಂದೆ ಪರಿಷ್ಕಾರಗಳಾದವು. ಆ ಪರಂಪರೆಯಲ್ಲಿ ಕೊನೆಗೆ ನೆಲೆನಿಂತ ಮಾತು ‘ಕಾಲಜ್ಞಾನಿ’ ಅಲ್ಲ, ‘ಪ್ರವಾದಿ’. ಇದು ಭಾಷೆಯ ಪುಣ್ಯವೆಂದು ನಾನು ಎಣಿಸುತ್ತೇನೆ. ಕಾಲಜ್ಞಾನಿ ಕಾಲವನ್ನು ಅರಿತವನು. ಪ್ರವಾದಿ ಎದುರು ನಿಂತು ನುಡಿಯುವವನು. ಯೋನನ ಕಥೆಯನ್ನೇ ನೋಡಬಹುದು. ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದೆಂದು ಅವನು ಸಾರಿದ. ಊರಿನವರು ಮನ ತಿರುಗಿಸಿದರು; ನಾಶವಾಗಲಿಲ್ಲ. ಕಾಲಜ್ಞಾನದ ಲೆಕ್ಕದಲ್ಲಿ ಯೋನ ಸುಳ್ಳಾದ. ಪ್ರವಾದನೆಯ ಲೆಕ್ಕದಲ್ಲಿ ಅವನಷ್ಟು ಗೆದ್ದವರು ಇನ್ನಿಲ್ಲ. ಯೆರೆಮೀಯನ ಗ್ರಂಥದಲ್ಲಿ ಹನನ್ಯನೆಂಬವನು ಬರುತ್ತಾನೆ. ಎರಡೇ ವರ್ಷಗಳಲ್ಲಿ ಬಾಬಿಲೋನಿನ ನೊಗ ಮುರಿಯುವುದೆಂದು ಜನಕ್ಕೆ ಪ್ರಿಯವಾದುದನ್ನೇ ಅವನು ನುಡಿದ. ಅವನನ್ನು ಸುಳ್ಳು ಪ್ರವಾದಿಯೆಂದು ಗ್ರಂಥ ಗುರುತಿಸುತ್ತದೆ. ಬೈಬಲು ತಾನೇ ಒದಗಿಸುವ ವಿಮರ್ಶೆಯ ಒರೆಗಲ್ಲು ಇದು. ಓದುವವನನ್ನು ಮೊದಲು ಕುಟುಕದ ಪ್ರವಾದನೆಯನ್ನು ಸಂದೇಹದಿಂದ ನೋಡಬೇಕು.

ಈ ಒರೆಗಲ್ಲಿಗೆ ಕ್ರೈಸ್ತರ ಇಸ್ರೇಲ್ ವ್ಯಾಖ್ಯಾನಗಳನ್ನು ತಿಕ್ಕಿ ನೋಡೋಣ. ಮೊದಲನೆಯದು ಬಹು ಹಳೆಯದು: ಸಭೆಯೇ ನಿಜವಾದ ಇಸ್ರೇಲ್ ಎಂಬುದು. ಎರಡನೆಯ ಶತಮಾನದ ಜಸ್ಟಿನ್ ಮಾರ್ಟಿರನಲ್ಲಿಯೇ ಇದು ಸ್ಪಷ್ಟವಾಗಿದೆ. ಇದರ ಪರಿಣಾಮವೇನಾಯಿತು? ಪ್ರವಾದಿಗಳು ಒಂದೇ ಜನಕ್ಕೆ ಹೇಳಿದ ಹರಕೆ ಬಯ್ಗುಳಗಳಲ್ಲಿ ಹರಕೆಯನ್ನೆಲ್ಲ ಸಭೆ ತಾನು ಇಟ್ಟುಕೊಂಡಿತು. ಬಯ್ಗುಳವನ್ನೆಲ್ಲ ಯೆಹೂದ್ಯರಿಗೆ ಬಿಟ್ಟಿತು. 1543ರಲ್ಲಿ ಲೂಥರನು ಯೆಹೂದ್ಯರ ವಿರುದ್ಧ ಬರೆದ ಗ್ರಂಥದ ವಿಷ ಈ ಓದಿನಿಂದ ದೂರದ್ದಲ್ಲ. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಕಗ್ಗೊಲೆಯಾದ ಮೇಲೆಯೇ ರೋಮಿನ ಸಭೆ 1965ರ ‘ನೋಸ್ತ್ರಾ ಎತಾತೆ’ ಪತ್ರದಲ್ಲಿ ಯೆಹೂದ್ಯರು ಶಾಪಗ್ರಸ್ತರೆಂಬ ಬೋಧನೆಯನ್ನು ಬಿಟ್ಟುಕೊಟ್ಟಿತು.

ಎರಡನೆಯ ವ್ಯಾಖ್ಯಾನ 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿ ಎಂಬವನು ಬೆಳೆಸಿದ್ದು. ಸಭೆ ಬೇರೆ, ಇಸ್ರೇಲ್ ಬೇರೆ. ಇಸ್ರೇಲಿಗೆ ಕೊಟ್ಟ ನೆಲದ ವಾಗ್ದಾನ ಅಕ್ಷರಶಃ ನೆರವೇರಲೇಬೇಕು ಎಂಬುದು ಇದರ ಸಾರ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಇದು ಜಗತ್ತಿನ ಮೂಲೆಮೂಲೆಗೆ ತಲುಪಿತು. 1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿದಾಗ ಈ ಪಂಥದವರ ಉತ್ಸಾಹಕ್ಕೆ ಮಿತಿಯಿರಲಿಲ್ಲ. 1970ರಲ್ಲಿ ಹಾಲ್ ಲಿಂಡ್ಸೆ ಎಂಬ ಅಮೆರಿಕದ ಲೇಖಕ 1948ಕ್ಕೆ ನಲವತ್ತು ವರ್ಷ ಕೂಡಿ, ಅಷ್ಟರೊಳಗೆ ಅಂತ್ಯಕಾಲ ಬರಬಹುದೆಂದು ಸೂಚಿಸಿದನು. 1988 ಕಳೆಯಿತು, ಪುಸ್ತಕ ಮಾರಾಟವಾಗುತ್ತಲೇ ಇತ್ತು. ಯೆಹೂದ್ಯರ ಪರವಾಗಿ ಕಾಣುವ ಈ ವ್ಯಾಖ್ಯಾನ ಅವರಿಗೆ ನಿಜವಾಗಿ ಉಪಕಾರಿಯೇ ಎಂಬುದನ್ನೂ ಕೇಳಬೇಕು. ಈ ನಾಟಕದ ಕೊನೆಯ ಅಂಕದಲ್ಲಿ ಹೆಚ್ಚಿನ ಯೆಹೂದ್ಯರು ಘೋರ ಯುದ್ಧದಲ್ಲಿ ಸಾಯುತ್ತಾರೆ, ಉಳಿದವರು ಮತಾಂತರವಾಗುತ್ತಾರೆ. ಅವರು ಇಲ್ಲಿ ಪಾತ್ರಗಳು ಮಾತ್ರ. ಅರಬರಿಗಾದರೋ ಪಾತ್ರವೂ ಇಲ್ಲ.

ಬಸವಾದಿ ಶರಣರು ಸ್ಥಾವರ ಜಂಗಮಗಳೆಂಬ ಎರಡು ಮಾತುಗಳಿಗೆ ಕೊಟ್ಟ ಅರ್ಥಪುಷ್ಟಿ ಇಲ್ಲಿ ನೆರವಿಗೆ ಬರುತ್ತದೆ. ಬಸವಣ್ಣನವರ ವಚನಗಳ ಅಂಕಿತ ಕೂಡಲಸಂಗಮದೇವ. ಆದರೆ ಅವರ ಬಾಳಿನ ದೊಡ್ಡ ಕೆಲಸ ನಡೆದದ್ದು ಕೂಡಲಸಂಗಮದಿಂದ ದೂರದ ಕಲ್ಯಾಣದಲ್ಲಿ. ಊರೊಂದು ಪ್ರತಿ ವಚನದ ಕೊನೆಗೆ ಬಂದು, ಊರಾಗಿರುವುದನ್ನು ಬಿಟ್ಟು, ಉತ್ತರ ಕೊಡಬೇಕಾದ ಒಬ್ಬ ಒಡೆಯನ ಹೆಸರಾಗುತ್ತದೆ. ಸ್ಥಳ ಜಂಗಮವಾಗುವುದೆಂದರೆ ಹೀಗೆ. ದೇವಾಲಯ ಸುಟ್ಟ ಮೇಲೆ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೂದ್ಯರಿಗೂ ಯೆರೂಸಲೇಮು ಹೀಗೆಯೇ ನುಡಿಯಲ್ಲಿ ಉಳಿದು ಜೊತೆಯಲ್ಲಿ ನಡೆಯಿತು. ಅಕ್ಷರಶಃ ವ್ಯಾಖ್ಯಾನ ಮಾಡುವವರು ಈ ಜಂಗಮವನ್ನು ಮತ್ತೆ ಸ್ಥಾವರ ಮಾಡುತ್ತಾರೆ. ನುಡಿಯನ್ನು ಭೂಮಿಯ ಖಾತೆಪತ್ರವಾಗಿಸುತ್ತಾರೆ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಜಂಗಮದ ಹೆಸರಿನಲ್ಲಿ ಇನ್ನೊಬ್ಬರ ಊರನ್ನೇ ಇಲ್ಲವೆನ್ನುವುದು ಸುಲಭ. ಹಳೆಯ ಸಭೆ ಮಾಡಿದ್ದು ಅದನ್ನೇ. ಯೆಹೂದ್ಯರಿಗೆ ಆ ನೆಲದೊಡನೆ ಇರುವ ನಂಟು ರೂಪಕವಲ್ಲ. ಅಂತೆಯೇ 1948ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರ ನಂಟೂ ರೂಪಕವಲ್ಲ. ಅವರಲ್ಲಿ ಕ್ರೈಸ್ತರೂ ಇದ್ದರು. ಗಲಿಲಾಯದ ಬಿರಿಮ್ ಎಂಬ ಕ್ರೈಸ್ತ ಹಳ್ಳಿಯವರನ್ನು ಆ ವರ್ಷದ ನವೆಂಬರಿನಲ್ಲಿ ಸೈನ್ಯ ಹೊರಗೆ ಕಳುಹಿಸಿತು; 1953ರಲ್ಲಿ ಊರನ್ನು ನೆಲಸಮ ಮಾಡಿತು. ಯೇಸು ನಡೆದಾಡಿದ ಸೀಮೆಯಲ್ಲಿ ಯೇಸುವಿನ ಭಕ್ತರೇ ಊರು ಕಳೆದುಕೊಂಡರು. ಪ್ರವಾದನೆ ನೆರವೇರಿತೆಂದು ದೂರದ ದೇಶಗಳ ಭಕ್ತರು ಸ್ತೋತ್ರ ಹಾಡಿದರು. 2009ರಲ್ಲಿ ಪ್ಯಾಲೆಸ್ಟೀನಿನ ಕ್ರೈಸ್ತರು ‘ಕೈರೋಸ್’ ಎಂಬ ಪತ್ರ ಹೊರಡಿಸಿ, ತಮ್ಮ ಬಾಳನ್ನು ಕಿತ್ತುಕೊಳ್ಳಲು ತಮ್ಮ ಧರ್ಮಗ್ರಂಥವನ್ನೇ ಬಳಸಬೇಡಿರೆಂದು ಬೇಡಿದ್ದಾರೆ. ಆಲಮಟ್ಟಿ, ನಾರಾಯಣಪುರದ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರ ಜಿಲ್ಲೆಯಲ್ಲಿ, ಬಸವಣ್ಣನವರ ಐಕ್ಯಮಂಟಪವನ್ನೇ ನೀರಿನ ನಡುವೆ ಗೋಡೆ ಕಟ್ಟಿ ಕಾಯಬೇಕಾಗಿ ಬಂದಲ್ಲಿ, ಊರು ಕಳೆದುಕೊಳ್ಳುವುದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ವಿಚಿತ್ರವೆಂದರೆ, ಲೆಕ್ಕಾಚಾರದವರು ಬಹಳವಾಗಿ ನೆಚ್ಚುವ ಯೆಹೆಜ್ಕೇಲನೇ ಅವರಿಗೆ ಅಡ್ಡ ನಿಲ್ಲುತ್ತಾನೆ. 38, 39ನೆಯ ಅಧ್ಯಾಯಗಳ ಯುದ್ಧವನ್ನು ಅವರು ಸಾಲುಸಾಲಾಗಿ ಬಲ್ಲರು. 47ನೆಯ ಅಧ್ಯಾಯದ ಕೊನೆಗೆ ನೆಲವನ್ನು ಹಂಚುವ ಪ್ರಸ್ತಾಪ ಬರುತ್ತದೆ. ನಿಮ್ಮ ನಡುವೆ ಮಕ್ಕಳನ್ನು ಪಡೆದು ಬಾಳುತ್ತಿರುವ ಪರದೇಶಿಗಳನ್ನು ಸ್ವದೇಶದವರಂತೆಯೇ ಎಣಿಸಿ, ಅವರಿಗೂ ಸಮಪಾಲು ಕೊಡಬೇಕೆಂಬುದು ಅಲ್ಲಿಯ ವಿಧಿ. ಅಕ್ಷರಶಃ ಓದುವೆವೆನ್ನುವವರು ಈ ಅಕ್ಷರಗಳನ್ನೂ ಓದಬೇಡವೆ? ಪೌಲನು ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯವೂ ಇದೇ ದಿಕ್ಕಿನದು. ಮರಕ್ಕೆ ಕಸಿಮಾಡಿದ ಕೊಂಬೆ ಮೂಲದ ಕೊಂಬೆಗಳ ಮೇಲೆ ಹೆಚ್ಚಳಪಡಬಾರದು ಎಂಬ ಅವನ ಮಾತು, ಯೆಹೂದ್ಯರನ್ನು ತಳ್ಳಿದ ಸಭೆಗೂ ಅವರನ್ನು ಪಗಡೆಯ ಕಾಯಿಗಳನ್ನಾಗಿಸಿದ ಸಭೆಗೂ ಒಂದೇ ಸಮನಾಗಿ ತಾಗುತ್ತದೆ.

ಹೀಗೆ ಓದಿದರೆ ಪ್ರವಾದನೆಯಲ್ಲಿ ಭವಿಷ್ಯದ ಆಶೆಯೇ ಉಳಿಯುವುದಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ಗಂಭೀರವಾದುದೇ. ಆಶೆಯಿಲ್ಲದ ಪ್ರವಾದಿ ಬರಿಯ ನೀತಿಬೋಧಕನಾದಾನು. ಆದರೆ ಕನ್ನಡಿಗರು ತಮ್ಮ ಕಾಲಜ್ಞಾನವನ್ನು ಏನು ಮಾಡಿಕೊಂಡರೆಂದು ನೋಡಬೇಕು. ವೀರ ವಸಂತರಾಯ ಕುದುರೆಯೇರಿ ಬರಲಿಲ್ಲ. ಅವನ ಹೆಸರಿನಲ್ಲಿ ಬಸವಕಲ್ಯಾಣದ ಯಾವ ನಿವಾಸಿಯ ಮನೆಯನ್ನೂ ಯಾರೂ ಕೇಳಲಿಲ್ಲ. ಕಲ್ಯಾಣವೆಂಬ ಮಾತು ಮಾತ್ರ ಮೇಲು ಕೀಳಿಲ್ಲದ ಸಮಾಜದ ಹೆಸರಾಗಿ, ಪ್ರತಿ ತಲೆಮಾರನ್ನೂ ನೀವು ಅದನ್ನು ಕಟ್ಟಿದಿರೇನೆಂದು ಕೇಳುತ್ತ ಬಂದಿದೆ. 2021ರಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. ಕಟ್ಟಡ ಏಳಲಿ, ಸಂತೋಷ. ಅದರೊಳಗೆ ಯಾರು ಸಮನಾಗಿ ಕೂಡುತ್ತಾರೆ ಎಂಬುದರ ಮೇಲೆ ಕಾಲಜ್ಞಾನದ ಸತ್ಯಾಸತ್ಯ ನಿರ್ಧಾರವಾಗುತ್ತದೆ. ಯೆರೂಸಲೇಮಿನ ಪ್ರವಾದನೆಗೂ ಬೇರೆ ಪ್ರಮಾಣವಿರಲಾರದು.