ಹುತ್ತದ ಉಪಮೆಯೂ ಗಾಳಿಯ ಗಣಿತವೂ

ಕಟ್ಟಡವನ್ನು ಕಟ್ಟುವ ಮುನ್ನವೇ ಅದರೊಳಗೆ ಗಾಳಿ ಹೇಗೆ ಸಂಚರಿಸುವುದೆಂಬುದನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ನೋಡುವ ಪದ್ಧತಿ, ಎಂದರೆ ಸಿಮ್ಯುಲೇಷನ್, ಇಂದು ವಾಸ್ತುಶಿಲ್ಪಿಗಳಿಗೆ ಪ್ರಬಲವಾದ ಸಾಧನವಾಗಿದೆ. ಮಿತವಾದ ಶಕ್ತಿಯಿಂದ ತಂಪಾಗಿರುವ ಕಟ್ಟಡಗಳ ಮಾತು ಬಂದಾಗಲೆಲ್ಲ ಜಿಂಬಾಬ್ವೆಯ ಹರಾರೆ ನಗರದ ಈಸ್ಟ್‌ಗೇಟ್ ಸೆಂಟರನ್ನು ಉದಾಹರಿಸುವುದು ರೂಢಿ. ಆ ಕಟ್ಟಡವನ್ನು ಕುರಿತ ಕಥೆಯನ್ನೂ ಅದರ ಹಿಂದಣ ಗಣಿತವನ್ನೂ ಬೇರ್ಪಡಿಸಿ ನೋಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅವರು ಅರಪ್ ಸಂಸ್ಥೆಯ ಇಂಜಿನಿಯರುಗಳೊಡನೆ ರೂಪಿಸಿದ ಈ ಕಟ್ಟಡ 1996ರಲ್ಲಿ ಪೂರ್ಣಗೊಂಡಿತು. ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಗಲಿನ ಬಿಸಿಗೂ ಇರುಳಿನ ತಂಪಿಗೂ ಅಂತರ ಹೆಚ್ಚು. ಇರುಳಿನಲ್ಲಿ ಫ್ಯಾನುಗಳು ತಂಪುಗಾಳಿಯನ್ನು ನೆಲದಡಿಯ ಪೊಳ್ಳುಗಳ ಮೂಲಕ ಹಾಯಿಸಿ ಕಾಂಕ್ರೀಟನ್ನು ತಣಿಸುತ್ತವೆ. ಹಗಲಿನಲ್ಲಿ ಆ ಕಾಂಕ್ರೀಟು ಒಳಗಣ ಶಾಖವನ್ನು ಹೀರಿಕೊಳ್ಳುತ್ತದೆ. ಬಿಸಿಯಾದ ಗಾಳಿ ಚಿಮಣಿಗಳಿಂದ ಹೊರಹೋಗುತ್ತದೆ.

ಇದಕ್ಕೆ ಸ್ಫೂರ್ತಿ ಗೆದ್ದಲಿನ ಹುತ್ತವೆಂಬುದು ಪ್ರಸಿದ್ಧ ಕಥೆ. ಗೂಡಿನ ಶಾಖದಿಂದ ಗಾಳಿ ಮೇಲೇರಿ, ಹುತ್ತದ ಅಂಚಿನಲ್ಲಿ ತಣಿದು ಕೆಳಗಿಳಿಯುವುದೆಂದು ಮಾರ್ಟಿನ್ ಲ್ಯೂಷರ್ 1961ರಲ್ಲಿ ವಿವರಿಸಿದ್ದರು. ಆದರೆ ಹುತ್ತವು ಗೂಡಿನ ಉಷ್ಣತೆಯನ್ನು ನಿಯಂತ್ರಿಸುವುದೆಂಬುದಕ್ಕೆ ಆಧಾರವಿಲ್ಲವೆಂದು ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಇವರು 2008ರಲ್ಲಿ ವಾದಿಸಿದರು. 2015ರಲ್ಲಿ ಕಿಂಗ್, ಓಕೊ, ಮಹಾದೇವನ್ ಇವರು ಭಾರತದ ಹುತ್ತಗಳೊಳಗಣ ಗಾಳಿಯನ್ನೇ ಅಳೆದು ನೋಡಿದರು. ಹಗಲು ಹುತ್ತದ ಹೊರಮೈ ಬೇಗ ಕಾದು ಅಲ್ಲಿಯ ಗಾಳಿ ಮೇಲೇರುತ್ತದೆ, ನಡುಗೊಳವೆಯಲ್ಲಿ ಕೆಳಗಿಳಿಯುತ್ತದೆ. ಇರುಳಿನಲ್ಲಿ ಈ ದಿಕ್ಕು ತಿರುವುಮುರುವಾಗುತ್ತದೆ. ಗಾಳಿಯನ್ನು ನಡೆಸುವುದು ಹಗಲಿರುಳುಗಳ ಉಷ್ಣಾಂತರ.

ಹಾಗಾದರೆ ಉಪಮೆ ತಪ್ಪಾದ ಕಟ್ಟಡವೂ ತಪ್ಪಾಗಬೇಕಲ್ಲವೆ? ಆಗಲಿಲ್ಲ. ಕಾರಣ ಸ್ಪಷ್ಟ: ಇಂಜಿನಿಯರುಗಳ ಲೆಕ್ಕ ನಿಂತದ್ದು ಹುತ್ತದ ಮೇಲಲ್ಲ, ಕಾಂಕ್ರೀಟಿನ ಶಾಖಧಾರಣೆ, ಬಿಸಿಲಿನ ತಡೆ, ಇರುಳಿನ ಉಷ್ಣತೆ, ಫ್ಯಾನುಗಳ ವೇಗ ಇವುಗಳ ಮೇಲೆ. ಉಪಮೆ ಕಲ್ಪನೆಯನ್ನು ಪ್ರಚೋದಿಸಬಲ್ಲುದು, ಪ್ರಮಾಣವಾಗಲಾರದು.

ಇದೇ ಮಾತು ಸಿಮ್ಯುಲೇಷನ್ನಿಗೂ ಸಲ್ಲುತ್ತದೆ. ಗಣಕಯಂತ್ರವು ಸರಿಯಾದ ಊಹೆಗೆ ಕೊಡುವಷ್ಟೇ ನಿಸ್ಸಂಕೋಚವಾಗಿ ತಪ್ಪು ಊಹೆಗೂ ಉತ್ತರ ಕೊಡುತ್ತದೆ. ಕಿಟಕಿ ಎಷ್ಟು ತೆರೆದಿದೆ, ಎದುರುಕಟ್ಟಡ ಗಾಳಿಯನ್ನು ತಡೆಯುವುದೆ, ಒಳಗೆ ಎಷ್ಟು ಜನರಿದ್ದಾರೆ ಎಂಬುದನ್ನು ಹೇಳಬೇಕಾದವರು ನಾವು. ಬಣ್ಣಬಣ್ಣದ ಪ್ರವಾಹಚಿತ್ರಗಳ ಸೊಗಸಿನಲ್ಲಿ ಈ ಊಹೆಗಳು ಮರೆಯಾಗುವುದೇ ದೊಡ್ಡ ಅಪಾಯ. ಉಳಿತಾಯದ ಅಂಕಿಗಳೂ ಹಾಗೆಯೇ. ಈಸ್ಟ್‌ಗೇಟ್ ಶೇಕಡ 35ರಷ್ಟು ಶಕ್ತಿಯನ್ನು ಉಳಿಸುವುದೆಂದು ಕೆಲವರು ಬರೆದರೆ, ಶೇಕಡ 90 ಎಂದು ಬರೆದವರೂ ಉಂಟು. ಒಟ್ಟು ಬಳಕೆಯ ಲೆಕ್ಕವೋ, ಗಾಳಿಯ ವ್ಯವಸ್ಥೆಯೊಂದರದೋ, ಯಾವ ಕಟ್ಟಡಕ್ಕೆ ಹೋಲಿಸಿದ್ದೋ ಎಂಬುದನ್ನು ಹೇಳದ ಅಂಕಿಗೆ ಅರ್ಥವಿಲ್ಲ.

ಆದುದರಿಂದ ಪ್ರವಾಹಚಿತ್ರವೊಂದು ಮುಂದೆ ಬಂದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಬೇಕು: ಲೆಕ್ಕಕ್ಕೆ ಕೊಟ್ಟ ಊಹೆಗಳು ಯಾವುವು? ಅವುಗಳನ್ನು ಸ್ವಲ್ಪ ಬದಲಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ? ಕಟ್ಟಿದ ಮೇಲೆ ಅಳೆದು ನೋಡಿದವರಾರು? ಮೂರನೆಯದಕ್ಕೆ ಉತ್ತರವಿಲ್ಲದಿದ್ದಲ್ಲಿ ನಮ್ಮ ಮುಂದಿರುವುದು ಒಂದು ಊಹೆ ಮಾತ್ರ. ಅದು ಎಷ್ಟು ಸುಂದರವಾಗಿದ್ದರೂ ಸಿದ್ಧಾಂತವಲ್ಲ.