ಆಹಾರದಾನ ಮತ್ತು ಅಭಯದಾನ

2001ರ ಸೆಪ್ಟೆಂಬರ್ 11ರ ದಾಳಿಯಿಂದ ಅಮೆರಿಕದ ವಾಯುಮಾರ್ಗ ಮುಚ್ಚಿದಾಗ 38 ವಿಮಾನಗಳು ಕೆನಡಾದ ಗ್ಯಾಂಡರಿನಲ್ಲಿ ಇಳಿದವು. ಸುಮಾರು 10,000 ಜನರ ಆ ಊರು 6,500ಕ್ಕೂ ಮಿಕ್ಕ ಅಪರಿಚಿತರಿಗೆ ಆಹಾರ, ಔಷಧ, ಆಶ್ರಯಗಳನ್ನಿತ್ತು ಸಲಹಿತು. ಇದನ್ನಾಧರಿಸಿ ಐರೀನ್ ಸ್ಯಾಂಕಾಫ್, ಡೇವಿಡ್ ಹೈನ್ ರಚಿಸಿದ ‘ಕಮ್ ಫ್ರಮ್ ಅವೇ’ ಗೀತನಾಟಕ 2017ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನೇರಿತು.

ವಿಮಾನಗಳಲ್ಲಿದ್ದ ಮೂಕಪ್ರಾಣಿಗಳನ್ನೂ ಮರೆಯದ ಜೀವದಯೆಯನ್ನು ನಾಟಕ ಸೊಗಸಾಗಿ ಚಿತ್ರಿಸಿದೆ. ಆದರೆ ಮುಸ್ಲಿಂ ಪ್ರಯಾಣಿಕ ಅಲಿ ಸಂಶಯಕ್ಕೆ ಗುರಿಯಾಗಿ, ಅವಮಾನಕರ ದೇಹಶೋಧನೆಗೆ ಒಳಗಾಗುವ ಪ್ರಸಂಗದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಸಂಭ್ರಮದತ್ತ ಸಾಗುವುದು ಅದರ ಕೊರತೆ. ಚತುರ್ವಿಧ ದಾನಗಳಲ್ಲಿ ಆಹಾರ, ಔಷಧಗಳನ್ನು ಕೈ ನೀಡಬಲ್ಲದು. ಅಭಯವನ್ನೀಯಲು ಮನದ ಶಂಕೆ ಅಳಿಯಬೇಕು. ಅಲಿಗೆ ಅನ್ನ ದೊರೆಯಿತು, ಅಭಯ ದೊರೆಯಲಿಲ್ಲ. ಆಪತ್ಕಾಲದಲ್ಲಿ ಅನ್ನಛತ್ರ ತೆರೆಯುವ ಬಸದಿಗಳೂ ಟ್ರಸ್ಟುಗಳೂ ಮನನ ಮಾಡಬೇಕಾದುದು ಈ ಪ್ರಸಂಗವನ್ನೇ.